ಉಗುರಿನ ಬುಡ ನೋಡುವ 200 ಪಟ್ಟಿನ ಕ್ಯಾಮೆರಾ: ಡೈನೋ-ಲೈಟ್ ಕ್ಯಾಪಿಲರಿಸ್ಕೋಪ್ ಕೊಳ್ಳುವ ಮುನ್ನ

ಚಳಿ ತಾಗಿದ ಕೂಡಲೇ ಬೆರಳು ಬಿಳಿಚಿಕೊಂಡು, ನೀಲಿಗಟ್ಟಿ, ಆಮೇಲೆ ಕೆಂಪೇರುವ ರೇನಾಡ್ ತೊಂದರೆ ಹಲವರಿಗಿದೆ. ಹೆಚ್ಚಿನವರಲ್ಲಿ ಅದರ ಹಿಂದೆ ಬೇರೆ ಕಾಯಿಲೆ ಇರುವುದಿಲ್ಲ. ಕೆಲವರಲ್ಲಿ ಮಾತ್ರ ಅದು ಸಿಸ್ಟೆಮಿಕ್ ಸ್ಕ್ಲಿರೋಸಿಸ್‌ನ (ಚರ್ಮ, ಒಳ ಅಂಗಗಳು ಗಡುಸಾಗುವ ಕಾಯಿಲೆ; ಸ್ಕ್ಲಿರೋಡರ್ಮಾ ಎಂದೂ ಹೆಸರು) ಮೊದಲ ಸುಳಿವು. ಈ ಎರಡು ಗುಂಪಿನವರನ್ನು ಬೇರ್ಪಡಿಸಲು, ಈ ಕಾಯಿಲೆಗೆ ಸಂಬಂಧಿಸಿದ ಆಂಟಿಬಾಡಿಯನ್ನು ರಕ್ತದಲ್ಲಿ ಹುಡುಕುವ ಪರೀಕ್ಷೆಯಷ್ಟೇ ಮುಖ್ಯವಾದದ್ದು ಉಗುರಿನ ಬುಡದ ಲೋಮನಾಳಗಳ (ಅತಿ ಸಣ್ಣ ರಕ್ತನಾಳಗಳ) ಚಿತ್ರ. 586 ರೇನಾಡ್ ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿದ ಕೆನಡಾದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಲೋಮನಾಳ, ಆಂಟಿಬಾಡಿ ಎರಡೂ ಸರಿಯಿದ್ದವರಲ್ಲಿ ಶೇ 1.8 ಮಂದಿಗೆ ಮಾತ್ರ ಮುಂದೆ ಸ್ಕ್ಲಿರೋಸಿಸ್ ಬಂತು. ಎರಡರಲ್ಲೂ ದೋಷ ಇದ್ದವರಲ್ಲಿ ಈ ಪ್ರಮಾಣ ಸುಮಾರು ಶೇ 80. ಅಮೆರಿಕ, ಯುರೋಪಿನ ರುಮಟಾಲಜಿ ಸಂಘಗಳಾದ ಎಸಿಆರ್, ಯೂಲಾರ್‌ಗಳ 2013ರ ಮಾನದಂಡ ಕೂಡ ಉಗುರಿನ ಬುಡದ ದೋಷಕ್ಕೆ 2 ಅಂಕ ಕೊಡುತ್ತದೆ. ಒಟ್ಟು 9 ಅಂಕವಾದರೆ ಸ್ಕ್ಲಿರೋಸಿಸ್ ಎಂಬ ವರ್ಗೀಕರಣ. ರೇನಾಡ್‌ಗೆ 3, ಆಂಟಿಬಾಡಿಗೆ 3 ಸೇರಿಸಿದರೂ ಆರೇ ಆಗುವುದರಿಂದ, ಶುರುವಿನ ಹಂತದ ರೋಗಿಗೆ ಈ 2 ಅಂಕ ದೊಡ್ಡದು.

ಇದನ್ನು ನೋಡಲು ಮಾರುಕಟ್ಟೆಯಲ್ಲಿ ಮೂರು ಬಗೆಯ ಸಾಧನಗಳಿವೆ: ಚರ್ಮವೈದ್ಯರ ಕೈಯಲ್ಲಿರುವ, 10 ಪಟ್ಟು ಹಿಗ್ಗಿಸಿ ತೋರಿಸುವ ಡರ್ಮಟೊಸ್ಕೋಪ್, ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಯುಎಸ್‌ಬಿ ಮೈಕ್ರೋಸ್ಕೋಪ್, ಮತ್ತು ಈ ಕೆಲಸಕ್ಕೆಂದೇ ಮಾಡಿದ 200 ಪಟ್ಟಿನ ವಿಡಿಯೊ ಕ್ಯಾಪಿಲರೊಸ್ಕೋಪ್. ಮೂರನೆಯದರಲ್ಲಿ ತೈವಾನಿನ ಆನ್‌ಮೊ ಕಂಪನಿಯ ಡೈನೋ-ಲೈಟ್ ಕ್ಯಾಪಿಲರಿಸ್ಕೋಪ್ 200 ಹಗುರವಾದದ್ದು. ದಪ್ಪ ಪೆನ್ನಿನಂತಹ ಕೊಳವೆ, ಮೂತಿಯಲ್ಲಿ ಎಲ್‌ಇಡಿ ದೀಪ, ಬಾಲದಲ್ಲಿ ಯುಎಸ್‌ಬಿ ತಂತಿ, ಅಷ್ಟೇ. ಲ್ಯಾಪ್‌ಟಾಪ್ ಇರುವ ಯಾವ ಕ್ಲಿನಿಕ್ಕಿನಲ್ಲೂ ಕೂರಿಸಬಹುದು.

ಇದರ ದೊಡ್ಡ ಗುಣ ಸ್ಥಿರವಾದ 200 ಪಟ್ಟು. ಪಟ್ಟು ಬದಲಾಯಿಸುವ ಸಾಧನಗಳಲ್ಲಿ ಫೋಕಸ್ ತಿರುಗಿಸಿದಂತೆ ಅಳತೆಯ ಲೆಕ್ಕವೂ ಜಾರುತ್ತದೆ. ಇಲ್ಲಿ ಆ ತಲೆನೋವು ಬಹುಪಾಲು ಇಲ್ಲ. ಒಂದು ಚಿತ್ರದಲ್ಲಿ ಹೆಚ್ಚುಕಡಿಮೆ ಒಂದೂವರೆಯಿಂದ ಎರಡು ಮಿಲಿಮೀಟರ್ ಅಗಲದ ಚರ್ಮ ಬೀಳುತ್ತದೆ. ಎರಡು ಮಿಲಿಮೀಟರ್ 1280 ಪಿಕ್ಸೆಲ್‌ಗಳಲ್ಲಿ ಹರಡಿತು ಎಂದಿಟ್ಟುಕೊಂಡರೆ ಒಂದು ಪಿಕ್ಸೆಲ್‌ಗೆ ಸುಮಾರು 1.6 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್). 20 ಮೈಕ್ರಾನಿನ ನಾಳಕ್ಕೆ ಹನ್ನೆರಡು ಪಿಕ್ಸೆಲ್, 50 ಮೈಕ್ರಾನಿನದಕ್ಕೆ ಮೂವತ್ತೊಂದು ಸಿಗುತ್ತವೆ. ಅಳೆಯಲು ಇದು ಸಾಕು. ‘1000 ಪಟ್ಟು’ ಎಂದು ಡಬ್ಬಿಯ ಮೇಲೆ ಅಚ್ಚು ಹಾಕಿದ ಅಗ್ಗದ ಯುಎಸ್‌ಬಿ ಸಾಧನಗಳಲ್ಲಿ ಆ ಸಂಖ್ಯೆ ಬಹುತೇಕ ಪರದೆಯ ಮೇಲೆ ಹಿಗ್ಗಿಸಿದ ಚಿತ್ರದ್ದು. ಹಿಗ್ಗಿದಷ್ಟೂ ಮಸುಕಾಗುತ್ತದೆ, ಹೊಸ ವಿವರ ಬರುವುದಿಲ್ಲ. ರೋಗಿಯ ಬೆರಳಿನ ಮೇಲೆ ಇವನ್ನು ಇಡಬೇಡಿ ಎಂಬುದೇ ನಮ್ಮ ಸಲಹೆ.

ಕೊಂಡ ದಿನವೇ ಮಾಡಬೇಕಾದ ಕೆಲಸ ಕ್ಯಾಲಿಬ್ರೇಶನ್, ಅಂದರೆ ಸಾಧನದ ಅಳತೆಯನ್ನು ತಾಳೆ ಹಾಕಿ ಸರಿಪಡಿಸುವುದು. 1 ಮಿಲಿಮೀಟರನ್ನು ನೂರು ಭಾಗ ಮಾಡಿ ಗೆರೆ ಕೊರೆದ ಗಾಜಿನ ಸ್ಲೈಡ್ ತೆಗೆದುಕೊಳ್ಳಿ. ರೋಗಿಗಳ ಚಿತ್ರ ಯಾವ ರೆಸಲ್ಯೂಶನ್‌ನಲ್ಲಿ ತೆಗೆಯುತ್ತೀರೋ ಅದೇ ರೆಸಲ್ಯೂಶನ್‌ನಲ್ಲಿ ಸ್ಲೈಡ್‌ನ ಚಿತ್ರ ತೆಗೆದು, ಸಾಫ್ಟ್‌ವೇರಿಗೆ ಅಳತೆ ಕೊಡಿ. ಇಲ್ಲಿ ಶೇ 10ರಷ್ಟು ತಪ್ಪಿದರೂ 46 ಮೈಕ್ರಾನಿನ ನಾಳ 50.6 ಎಂದು ಓದುತ್ತದೆ. ನಾಳದ ಅಗಲ 20 ಮೈಕ್ರಾನಿಗಿಂತ ಕಡಿಮೆಯಿದ್ದರೆ ಸಹಜ, 20ರಿಂದ 50 ಹಿಗ್ಗಿದ್ದು, 50 ದಾಟಿದರೆ ದೈತ್ಯ ನಾಳ. ದೈತ್ಯ ನಾಳ ಒಂದೇ ಇದ್ದರೂ ‘ಸ್ಕ್ಲಿರೋಡರ್ಮಾ ಮಾದರಿ’ ಎಂದು ವರದಿಯಾಗುತ್ತದೆ. ಅಂದರೆ ಕ್ಯಾಲಿಬ್ರೇಟ್ ಮಾಡದ ಒಂದು ಸಾಧನ ಒಬ್ಬರ ಹಣೆಗೆ ಬೇಡದ ಕಾಯಿಲೆಯ ಪಟ್ಟಿ ಹಚ್ಚಬಲ್ಲದು. ಸಾಫ್ಟ್‌ವೇರ್ ಮತ್ತೆ ಹಾಕಿದಾಗ, ಲ್ಯಾಪ್‌ಟಾಪ್ ಬದಲಿಸಿದಾಗ ಸ್ಲೈಡ್ ಇಟ್ಟು ಮತ್ತೊಮ್ಮೆ ಪರೀಕ್ಷಿಸಿ.

ರೋಗಿಯನ್ನು 20ರಿಂದ 24 ಡಿಗ್ರಿ ಬೆಚ್ಚನೆಯ ಕೋಣೆಯಲ್ಲಿ ಕನಿಷ್ಠ 15–20 ನಿಮಿಷ ಕೂರಿಸಿ. ಕೈ ಎದೆಯ ಮಟ್ಟದಲ್ಲಿರಲಿ. ಬೀಡಿ, ಸಿಗರೇಟು, ಕಾಫಿ ಕುಡಿದು ನೇರ ಬಂದವರ ನಾಳಗಳು ಬಿಗಿದಿರುತ್ತವೆ. ಉಗುರಿನ ಅಂಚಿನ ಚರ್ಮ ಕತ್ತರಿಸಿಕೊಂಡಿದ್ದರೆ ಎರಡು ಮೂರು ವಾರ ಬಿಟ್ಟು ಬರಲು ಹೇಳಿ. ನಮ್ಮ ಕಡೆಯವರಲ್ಲಿ ಇನ್ನೂ ಒಂದೆರಡು ಅಡ್ಡಿಗಳಿವೆ. ಮದುವೆ ಸೀಸನ್‌ನಲ್ಲಿ ಬೆರಳ ತುದಿಗೆ ಹಚ್ಚಿದ ಗೋರಂಟಿಯ ಕಂದು ಬಣ್ಣ ಉಗುರಿನ ಬುಡದ ಮೇಲೂ ಕೂತಿರುತ್ತದೆ. ಅರಿಶಿನದ ಕಲೆಯೂ ಹಾಗೆಯೇ. ಪಾತ್ರೆ ತಿಕ್ಕುವ, ಹೊಲದಲ್ಲಿ ಕಳೆ ಕೀಳುವ ಕೈಗಳಲ್ಲಿ ಚರ್ಮ ದಪ್ಪವಾಗಿ, ಪೆಟ್ಟಿನಿಂದ ಆದ ಸಣ್ಣ ರಕ್ತಸ್ರಾವಗಳು ಕಾಯಿಲೆಯ ಗುರುತಿನಂತೆ ಕಾಣುತ್ತವೆ. ಒಂದೇ ಬೆರಳಿನಲ್ಲಿ, ಒಂದೇ ಜಾಗದಲ್ಲಿ ಕಂಡ ರಕ್ತದ ಚುಕ್ಕೆಗೆ ಹೆಚ್ಚು ತೂಕ ಕೊಡಬೇಡಿ. ಕಪ್ಪು ಮೈಬಣ್ಣದವರಲ್ಲಿ ವರ್ಣದ್ರವ್ಯ ನಾಳಗಳನ್ನು ಮುಚ್ಚುತ್ತದೆ. ಉಂಗುರ ಬೆರಳು, ಕಿರುಬೆರಳುಗಳಲ್ಲಿ ಚರ್ಮ ತೆಳುವಾಗಿರುವುದರಿಂದ ಅಲ್ಲಿಂದ ಶುರು ಮಾಡಿ. ಹಿಮೋಗ್ಲೋಬಿನ್ ಹಸಿರು ಬೆಳಕನ್ನು ಚೆನ್ನಾಗಿ ಹೀರುವುದರಿಂದ ಚಿತ್ರದ ಹಸಿರು ಚಾನೆಲನ್ನು ಮಾತ್ರ ತೆರೆದು ನೋಡಿದರೆ ಮಸುಕಾಗಿದ್ದ ನಾಳಗಳು ಗಾಢವಾಗಿ ಎದ್ದು ಬರುತ್ತವೆ.

ಉಗುರಿನ ಬುಡಕ್ಕೆ ಒಂದು ಹನಿ ಇಮ್ಮರ್ಷನ್ ಆಯಿಲ್ (ಸೂಕ್ಷ್ಮದರ್ಶಕಕ್ಕೆ ಬಳಸುವ ಎಣ್ಣೆ) ಸಾಕು. ಗುಳ್ಳೆ ಸೇರಿದರೆ ಒರೆಸಿ ಹೊಸ ಹನಿ ಹಾಕಿ. ಆಮೇಲೆ ಬರುವುದೇ ಈ ಸಾಧನದ ಅಸಲಿ ಕಷ್ಟ. ಮೂತಿ ಚರ್ಮವನ್ನು ಮುಟ್ಟಬೇಕು, ಒತ್ತಬಾರದು. ಒತ್ತಿದರೆ ರಕ್ತ ಹಿಂದೆ ಸರಿದು ನಾಳಗಳು ಮಾಯವಾಗುತ್ತವೆ, ನೋಡುವವರು ‘ನಾಳವಿಲ್ಲದ ಜಾಗ’ ಎಂದು ಬರೆದುಬಿಡುತ್ತಾರೆ. ಚಿತ್ರದಲ್ಲಿ ಬಿಳಿಚಿದ ವೃತ್ತ ಕಂಡರೆ ಸಾಧನವನ್ನು ಎತ್ತಿ, ಬಣ್ಣ ಮರಳುವವರೆಗೆ ಕಾಯಿರಿ. ಕೈ 0.1 ಮಿಲಿಮೀಟರ್ ನಡುಗಿದರೂ ಎರಡು ಮಿಲಿಮೀಟರ್ ಚಿತ್ರ ಶೇ 5ರಷ್ಟು ಪಕ್ಕಕ್ಕೆ ಜಾರುತ್ತದೆ, ಆದ್ದರಿಂದ ಸ್ಟ್ಯಾಂಡ್ ಇಲ್ಲದೆ ಇದನ್ನು ಕೊಳ್ಳುವುದು ದಂಡ. ಚರ್ಮ ಬಿಗಿದು ಬೆರಳು ಮಡಚಿಕೊಂಡಿರುವ ರೋಗಿಗೆ ಕೈ ಚಪ್ಪಟೆಯಾಗಿ ಇಡಲಾಗದು. ಸುತ್ತಿದ ಮೆತ್ತನೆ ಟವೆಲ್ಲನ್ನು ಬೆರಳಿನಡಿ ಇಟ್ಟು, ಉಗುರು ಮೇಲ್ಮುಖವಾಗುವಂತೆ ಆಧಾರ ಕೊಡಿ. ಎಳೆದು ನೇರ ಮಾಡಲು ಹೋಗಬೇಡಿ.

ಹೆಬ್ಬೆರಳು ಬಿಟ್ಟು ಎಂಟು ಬೆರಳು, ಪ್ರತಿ ಬೆರಳಿನ ಉಗುರಿನ ಬುಡದ ಮಧ್ಯಭಾಗದಲ್ಲಿ ಎರಡರಿಂದ ನಾಲ್ಕು ಚಿತ್ರ. ಫೈಲಿಗೆ ಆಗಲೇ ಹೆಸರು ಕೊಡಿ: ‘ಬಲ-4-2’ ಎಂದರೆ ಬಲಗೈ, ನಾಲ್ಕನೇ ಬೆರಳು, ಎರಡನೇ ಚಿತ್ರ. ಕೊನೆಗೆ ಕೊಡುತ್ತೇನೆಂದು ಬಿಟ್ಟರೆ ಯಾವುದು ಯಾವ ಬೆರಳಿನದೆಂದು ದೇವರೇ ಬಲ್ಲ.

ಎಣಿಸುವಾಗ ಉಗುರಿಗೆ ಹತ್ತಿರದ ಕೊನೆಯ ಸಾಲನ್ನು ಮಾತ್ರ, 1 ಮಿಲಿಮೀಟರ್ ಉದ್ದಕ್ಕೆ ಎಣಿಸಿ. ಒಂದು ನಾಳ ಆ ಸಾಲಿಗೆ ಸೇರಿತೋ ಇಲ್ಲವೋ ಎಂಬ ಅನುಮಾನ ಬಂದರೆ, ಅದರ ತುದಿಯಿಂದ ಎರಡೂ ಪಕ್ಕದ ನಾಳಗಳ ತುದಿಗೆ ಗೆರೆ ಎಳೆಯಿರಿ. ಕೋನ 90 ಡಿಗ್ರಿ ಮೀರಿದರೆ ಸೇರಿಸಿ. 7 ಅಥವಾ ಹೆಚ್ಚು ನಾಳಗಳಿದ್ದು ದೈತ್ಯ ಇಲ್ಲದಿದ್ದರೆ ಅದು ಸ್ಕ್ಲಿರೋಡರ್ಮಾ ಮಾದರಿ ಅಲ್ಲ. ದೈತ್ಯ ಇದ್ದರೆ, ಅಥವಾ ನಾಳಗಳು 3ಕ್ಕೆ ಇಲ್ಲವೇ ಅದಕ್ಕೂ ಕೆಳಗೆ ಇಳಿದು ಉಳಿದವು ಕವಲೊಡೆದು ವಿಕಾರವಾಗಿದ್ದರೆ, ಸ್ಕ್ಲಿರೋಡರ್ಮಾ ಮಾದರಿ. ನಡುವಿನದೆಲ್ಲ ‘ಸ್ಕ್ಲಿರೋಡರ್ಮಾ ಮಾದರಿ ಅಲ್ಲ’ ಎಂಬ ಮೊದಲ ಗುಂಪಿಗೇ ಸೇರುತ್ತದೆ. ಹೊಸಬರಿಗೂ ಒಗ್ಗುವ ಈ ದಾರಿಯನ್ನು ಯೂಲಾರ್‌ನ ಸೂಕ್ಷ್ಮ ರಕ್ತಪರಿಚಲನೆ ಅಧ್ಯಯನ ಗುಂಪು ಬಳಕೆಗೆ ತಂದಿತು.

ಹೆಚ್ಚು ಎಚ್ಚರ ಬೇಕಾದದ್ದು ಮರುಭೇಟಿಯಲ್ಲಿ. ಇಟಲಿಯ ವೈದ್ಯ ಕುಟೊಲೊ 2000ರಲ್ಲಿ ಹೇಳಿದ ಸ್ಕ್ಲಿರೋಡರ್ಮಾ ಮಾದರಿಯ ಮೂರು ಹಂತಗಳಲ್ಲಿ, ಮೊದಲನೆಯದರಲ್ಲಿ ದೈತ್ಯ ನಾಳ ಒಂದೆರಡು, ಎರಡನೆಯದರಲ್ಲಿ ಹಲವು, ಮೂರನೆಯದರಲ್ಲಿ ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆ. ದೈತ್ಯಗಳನ್ನು ಮಾತ್ರ ಎಣಿಸುವವರು ಮೂರನೇ ಹಂತದ ಚಿತ್ರ ನೋಡಿ ‘ಸುಧಾರಿಸಿದೆ’ ಎಂದು ಬರೆಯುವ ಅಪಾಯವಿದೆ, ಆದರೆ ಅಲ್ಲಿ ನಾಳಗಳೇ ಸತ್ತು ಹೋಗಿರುತ್ತವೆ. ಬೆರಳ ತುದಿಯ ಹುಣ್ಣಿನ ಅಪಾಯ ಇಂಥವರಲ್ಲಿ ಹೆಚ್ಚು. ಹೀಗಾಗಿ ಪ್ರತಿ ವರದಿಯಲ್ಲೂ ಮಿಲಿಮೀಟರಿಗೆ ಎಷ್ಟು ನಾಳ ಎಂಬ ಸಂಖ್ಯೆ ಇರಲೇಬೇಕು. ‘ಅಸಹಜ’ ಎಂಬ ಒಂದೇ ಪದದ ವರದಿಯಿಂದ ರೋಗಿಗೂ ಈ ಕಾಯಿಲೆ ನೋಡುವ ತಜ್ಞ ವೈದ್ಯರಾದ ರುಮಟಾಲಜಿಸ್ಟ್‌ಗೂ ಏನೂ ಗಿಟ್ಟುವುದಿಲ್ಲ.

ಯಾರು ಕೊಳ್ಳಬೇಕು? ಮೊದಲ ಬಾರಿ ರೇನಾಡ್ ನೋಡುವ ಸಾಮಾನ್ಯ ವೈದ್ಯರು, ಚರ್ಮವೈದ್ಯರಿಗೆ ಕೈಯಲ್ಲಿರುವ ಡರ್ಮ್‌ಲೈಟ್, ಹೈನೆಯಂತಹ 10 ಪಟ್ಟಿನ ಡರ್ಮಟೊಸ್ಕೋಪ್ ಸಾಕು. ದೊಡ್ಡ ದೈತ್ಯ ನಾಳ, ಅಗಲವಾದ ಖಾಲಿ ಜಾಗ, ರಕ್ತಸ್ರಾವ ಅದರಲ್ಲೂ ಕಾಣುತ್ತವೆ. ಅಳತೆ ಅದರಲ್ಲಾಗದು, ಸಣ್ಣ ಹಿಗ್ಗುವಿಕೆ ತಪ್ಪಿಹೋಗುತ್ತದೆ. ಅದರಲ್ಲಿ ಏನೂ ಕಾಣಲಿಲ್ಲವೆಂದು ರೋಗಿಯನ್ನು ನಿಶ್ಚಿಂತೆಯಿಂದ ಕಳಿಸುವಂತಿಲ್ಲ. ಆಂಟಿಬಾಡಿ ಇದ್ದರೆ 200 ಪಟ್ಟಿನ ಸಾಧನವಿರುವಲ್ಲಿಗೆ ಕಳಿಸಿ. ರೋಗಿಗಳನ್ನು 6ರಿಂದ 12 ತಿಂಗಳಿಗೊಮ್ಮೆ ಮರಳಿ ನೋಡುವ ರುಮಟಾಲಜಿ ವಿಭಾಗಕ್ಕೆ ಮಾತ್ರ ಡೈನೋ-ಲೈಟ್ ಹಾಕಿದ ದುಡ್ಡಿಗೆ ಮೋಸವಿಲ್ಲ. ಜೊತೆಗೆ ಸ್ಟ್ಯಾಂಡ್, ಕ್ಯಾಲಿಬ್ರೇಶನ್ ಸ್ಲೈಡ್, ಎಣ್ಣೆಯ ಬಾಟಲಿಯನ್ನು ಒಂದೇ ಆರ್ಡರಿನಲ್ಲಿ ತರಿಸಿಕೊಳ್ಳಿ. ಒಬ್ಬರಾದ ಮೇಲೆ ಇನ್ನೊಬ್ಬರಿಗೆ ಬಳಸುವ ಮುಂಚೆ ಮೂತಿಯ ಎಣ್ಣೆ ಒರೆಸಿ, ತಯಾರಕರು ಹೇಳಿದ ದ್ರಾವಣದಿಂದ ಸ್ವಚ್ಛಗೊಳಿಸಿ, ಮತ್ತು ಹುಣ್ಣು ತೆರೆದಿರುವ ಬೆರಳನ್ನು ಆ ಸಲಕ್ಕೆ ಬಿಟ್ಟುಬಿಡಿ.