ಗೂಗಲ್ ಫ್ಯಾಮಿಲಿ ಲಿಂಕ್: ಮಗುವಿನ ಫೋನಿಗೆ ಹಾಕುವ ಮುಂಚೆ

ಅಪ್ಪನ ಹಳೇ ಫೋನು ಮಗಳ ಕೈಗೆ ಬರುವುದು ನಮ್ಮ ಮನೆಗಳಲ್ಲಿ ಮಾಮೂಲು. ಮಗುವಿನ ಫೋನಿನ ಮೇಲೆ ಪೋಷಕರು ತಮ್ಮ ಫೋನಿನಿಂದಲೇ ಕಣ್ಣಿಡುವ, ಮಿತಿ ಹಾಕುವ ಗೂಗಲ್ ಆಪ್ ಫ್ಯಾಮಿಲಿ ಲಿಂಕ್ ಕೈಕೊಡುವುದೂ ಹೆಚ್ಚಾಗಿ ಅಲ್ಲೇ. ಫೋನಿನಲ್ಲಿ ಅಪ್ಪನ ಜಿಮೇಲ್ ಹಾಗೇ ಕೂತಿರುತ್ತದೆ. ಶಾಲೆಯವರು ಕೇಳಿದರೆಂದು ಅವಸರದಲ್ಲಿ ತೆರೆದ ಖಾತೆಯಾದರೆ ಹುಟ್ಟಿದ ವರ್ಷ 1995 ಅಂತಿರುತ್ತದೆ. ಗೂಗಲ್ ಲೆಕ್ಕದಲ್ಲಿ ನಾಲ್ಕನೇ ಕ್ಲಾಸಿನ ಹುಡುಗಿ ದೊಡ್ಡವಳು. ಹಾಗಾಗಿ ಫೋಟೋ, ನಂಬರು ಬ್ಯಾಕಪ್ ತೆಗೆದು ಮೊದಲು ಫ್ಯಾಕ್ಟರಿ ರೀಸೆಟ್ ಮಾಡಿ. ನಿಮ್ಮ ಫೋನಿನ ಫ್ಯಾಮಿಲಿ ಲಿಂಕ್‌ನಲ್ಲಿ ನಿಜವಾದ ಹುಟ್ಟಿದ ದಿನಾಂಕ ಕೊಟ್ಟು ಮಗುವಿನ ಖಾತೆ ತೆರೆಯಿರಿ, ಆ ಒಂದೇ ಖಾತೆಯಿಂದ ಹಳೇ ಫೋನಿಗೆ ಲಾಗಿನ್ ಆಗಿ. ಆಪ್ ಉಚಿತ.

ಇದರಲ್ಲಿ ನಿಜಕ್ಕೂ ಚೆನ್ನಾಗಿರುವುದು ಪ್ಲೇ ಸ್ಟೋರ್ ಅನುಮತಿ. ಮಗು ಹೊಸ ಗೇಮ್ ಒತ್ತಿದರೆ ನಿಮ್ಮ ಫೋನಿಗೆ ಕೋರಿಕೆ ಬರುತ್ತದೆ. ಒಪ್ಪುವ ಮುಂಚೆ ಆ ಗೇಮಿನ ಪುಟದಲ್ಲಿ ವಯಸ್ಸಿನ ರೇಟಿಂಗ್ ಕೆಳಗಿನ ಸಣ್ಣ ಅಕ್ಷರ ಓದಿ. ‘ಯೂಸರ್ಸ್ ಇಂಟರಾಕ್ಟ್’ ಎಂದಿದ್ದರೆ ಒಳಗೆ ಗುರುತಿಲ್ಲದವರ ಜೊತೆ ಮಾತಾಡಲು ದಾರಿ ಇದೆ ಎಂದರ್ಥ. ಒಮ್ಮೆ ಒಪ್ಪಿದ ಆಪ್ ಅಪ್‌ಡೇಟ್ ಆಗಿ ಚಾಟ್ ಸೇರಿಸಿಕೊಂಡರೂ ಮತ್ತೆ ನಿಮ್ಮನ್ನು ಕೇಳುವುದಿಲ್ಲ. ತಿಂಗಳಿಗೊಮ್ಮೆ ಪಟ್ಟಿ ನೋಡುವುದು ನಿಮ್ಮದೇ ಕೆಲಸ.

ಸಮಯದ ಮಿತಿಯೂ ಸರಿಯಾಗಿ ನಡೆಯುತ್ತದೆ, ಆದರೆ ಅದು ಒಂದೊಂದು ಸಾಧನಕ್ಕೆ ಬೇರೆ ಬೇರೆ. ಒಂದು ಗಂಟೆ ಇಟ್ಟರೆ ಫೋನಿನಲ್ಲೊಂದು, ಟ್ಯಾಬಿನಲ್ಲೊಂದು, ಒಟ್ಟು ಎರಡು ಗಂಟೆ. ಅಜ್ಜನ ಫೋನಂತೂ ಲೆಕ್ಕಕ್ಕೇ ಇಲ್ಲ! ‘ಆಲ್ವೇಸ್ ಅಲೋಡ್’ ಎಂದು ಗುರುತಿಟ್ಟ ಆಪ್‌ಗಳು ರಾತ್ರಿಯ ಡೌನ್‌ಟೈಮ್‌ನಲ್ಲೂ, ಅಂದರೆ ಫೋನಿಗೆ ಬೀಗ ಬಿದ್ದಿರುವ ಹೊತ್ತಿನಲ್ಲೂ, ತೆರೆಯುತ್ತವೆ. ಕ್ಲಾಸ್ ಗ್ರೂಪಿಗೆಂದು ವಾಟ್ಸಾಪ್ ಅಲ್ಲಿಟ್ಟರೆ ಬೀಗ ಹಾಕಿ ಕೀಲಿ ಬಾಗಿಲಲ್ಲೇ ನೇತುಹಾಕಿದ ಹಾಗೆ.

ಫಿಲ್ಟರ್ ವಿಷಯದಲ್ಲಿ ಪೂರಾ ನಂಬಿಕೆ ಬೇಡ. ಅಶ್ಲೀಲ ತಾಣ ತಡೆಯುವ ಸೆಟ್ಟಿಂಗ್ ಕ್ರೋಮ್‌ಗೆ ಸೇರಿದ್ದು. ಫೋನ್ ಕಂಪನಿ ತಾನೇ ಹಾಕಿಕೊಟ್ಟ ಬ್ರೌಸರ್ ಇದ್ದರೆ ಆಪ್ ಮಿತಿಗಳಲ್ಲಿ ಅದನ್ನು ಬ್ಲಾಕ್ ಮಾಡಿ. ಹತ್ತು ವರ್ಷದೊಳಗಿನವರಿಗೆ ‘ಒಪ್ಪಿದ ತಾಣ ಮಾತ್ರ’ ಎಂಬ ಆಯ್ಕೆಯೇ ಮೇಲು. ಯೂಟ್ಯೂಬ್‌ನಲ್ಲಿ ಮಕ್ಕಳಿಗೆಂದು ವಿಡಿಯೋ ಸೋಸುವ ‘ಎಕ್ಸ್‌ಪ್ಲೋರ್’ ಮಟ್ಟ ಒಂಬತ್ತು ವರ್ಷ ತುಂಬಿದವರಿಗೆ. ಅದಕ್ಕಿಂತ ಚಿಕ್ಕವರಿಗೆ ಯೂಟ್ಯೂಬ್ ಕಿಡ್ಸ್ ಸಾಕು. ಹಾಲ್‌ನ ಟಿವಿಯಲ್ಲಿ ನಿಮ್ಮ ಖಾತೆ ತೆರೆದಿದ್ದರೆ ಇದ್ಯಾವುದೂ ಲಾಗೂ ಆಗುವುದಿಲ್ಲ.

ಸಂದೇಶಗಳನ್ನು ಇದು ಓದುವುದಿಲ್ಲ. ಯಾರೋ ಗೇಮಿನಲ್ಲಿ ಪರಿಚಯವಾಗಿ ಫೋಟೋ ಕೇಳಿದರೆ ಫ್ಯಾಮಿಲಿ ಲಿಂಕ್‌ಗೆ ಗೊತ್ತೇ ಆಗದು. ಅಂಥ ಹೊತ್ತಿನಲ್ಲಿ ಗಾಬರಿಯಿಂದ ಚಾಟ್ ಅಳಿಸಬೇಡಿ. ಆ ಖಾತೆಯ ಹೆಸರು, ನಂಬರು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು, ಆಮೇಲೆ ಬ್ಲಾಕ್ ಮಾಡಿ. ಮಕ್ಕಳ ಸಹಾಯವಾಣಿ 1098. ದೂರು ಕೊಡಲು ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್ ಇದೆ. ಫೋನ್ ಕಿತ್ತುಕೊಂಡು ಬೈದರೆ ಮುಂದಿನ ಸಲ ಮಗು ಹೇಳುವುದೇ ಇಲ್ಲ.

ಫ್ಯಾಮಿಲಿ ಲಿಂಕ್ ಮಗುವಿನ ಲೊಕೇಶನ್ ತೋರಿಸುತ್ತದೆ, ಆದರೆ ಡೇಟಾ ಆಫ್ ಆದರೆ ಹಳೆಯ ಜಾಗವೇ ಕಾಣುತ್ತದೆ. ಬ್ಯಾಟರಿ ಸೇವರ್‌ನಿಂದ ಆಪ್‌ಗೆ ವಿನಾಯಿತಿ ಕೊಡಿ. ಪೋಷಕರ ಬಳಿ ಐಫೋನ್ ಇದ್ದರೂ ನಡೆಯುತ್ತದೆ. ಮಗುವಿನದೇ ಐಫೋನ್ ಆದರೆ ಇದನ್ನು ಬಿಟ್ಟು ಆಪಲ್‌ನ ಸ್ಕ್ರೀನ್ ಟೈಮ್ ಹಿಡಿಯಿರಿ.