ಲಾರಿಯ ಏರಿಯಲ್ ಮುಟ್ಟುವ ಮುನ್ನ ಬ್ಯಾಟರಿ ಪೆಟ್ಟಿಗೆ ತೆರೆದು ನೋಡಿ

ಹುಬ್ಬಳ್ಳಿ, ಗದಗ, ಹಾವೇರಿ ಕಡೆಯ ಲಾರಿ ಮಾಲೀಕರು, ಚಾಲಕರು ದಯವಿಟ್ಟು ಇದನ್ನು ಪೂರ್ತಿ ಓದಬೇಕು. ನಿಮ್ಮದು 24 ವೋಲ್ಟಿನ ಗಾಡಿಯಾಗಿದ್ದು, ಅದರಲ್ಲಿ ಕಾರಿಗೆ ಹಾಕುವ 12 ವೋಲ್ಟಿನ ರೇಡಿಯೊ ಕೂರಿಸಿದ್ದರೆ ಇಂದೇ ಬ್ಯಾಟರಿ ಪೆಟ್ಟಿಗೆಯ ಮುಚ್ಚಳ ತೆಗೆಯಿರಿ. ಎರಡು ಬ್ಯಾಟರಿಗಳನ್ನು ಜೋಡಿಸುವ ದಪ್ಪ ಕೇಬಲ್ಲಿನ ತುದಿಗೆ ಒಂದು ತೆಳ್ಳಗಿನ ವೈರನ್ನು ಸುತ್ತಿದ್ದರೆ, ಆ ವೈರು ರೇಡಿಯೊಗೆ ಹೋಗಿದ್ದರೆ, ಏರಿಯಲ್‌ಗೆ ಕೈ ಹಚ್ಚಬೇಡಿ. ಬೇರೆ ಯಾರಿಗೂ ಹಚ್ಚಲು ಬಿಡಬೇಡಿ. ನನ್ನ ಗಾಡಿಯಲ್ಲಿ ಅಂಥದೇ ವೈರು ಹೊತ್ತಿಕೊಂಡಾಗ ಹಿಂದೆ ಹತ್ತಿ ಅಂಡಿಗೆಗಳು ತುಂಬಿದ್ದವು, ಕ್ಯಾಬಿನ್ನಿನಲ್ಲಿ ಕ್ಲೀನರ್ ಹುಡುಗ ಮಲಗಿದ್ದ.

ಮೊಬೈಲ್ ಇರುವಾಗ ರೇಡಿಯೊ ಏಕೆ ಎಂದು ಹಲವರು ಕೇಳುತ್ತಾರೆ. ಸ್ಟೇರಿಂಗ್ ಹಿಡಿದವನು ಮೊಬೈಲಿನಲ್ಲಿ ಹಾಡು ಹುಡುಕುತ್ತ ಹೋದರೆ ಏನಾಗುತ್ತದೆ ಎಂಬುದನ್ನು ಹೆದ್ದಾರಿಯಲ್ಲಿ ಕಣ್ಣಾರೆ ಕಂಡಿದ್ದೇನೆ. ರೇಡಿಯೊ ಒಮ್ಮೆ ಹಚ್ಚಿದರೆ ಅದರ ಪಾಡಿಗೆ ಅದು, ನಮ್ಮ ಪಾಡಿಗೆ ನಾವು. ಧಾರವಾಡ ಆಕಾಶವಾಣಿ 1950ರಲ್ಲಿ ಶುರುವಾದ ಕೇಂದ್ರ. ನಮ್ಮ ತಂದೆ ಲಾರಿ ಓಡಿಸುತ್ತಿದ್ದ ಕಾಲದಿಂದಲೂ ನಮ್ಮ ಗಾಡಿಯಲ್ಲಿ ಮುಳ್ಳು 765 ಕಿಲೋಹರ್ಟ್ಸ್ ಬಿಟ್ಟು ಅಲುಗಿದ್ದು ಕಡಿಮೆ. ವಾರ್ತೆ, ಕೃಷಿ ಮಾತು, ನಡುವೆ ಒಂದು ವಚನ, ಒಂದು ಜನಪದ ಹಾಡು. ಒಬ್ಬಂಟಿಯಾಗಿ ರಾತ್ರಿ ಗಾಡಿ ಹೊಡೆಯುವವನಿಗೆ ಅದು ಎಷ್ಟು ದೊಡ್ಡ ಜೊತೆ ಎಂಬುದು ಹೊಡೆದವರಿಗೇ ಗೊತ್ತು.

ಕಳೆದ ದೀಪಾವಳಿಗೆ ಮುಂಚೆ ಹಳೆಯ ಸೆಟ್ಟು ಕೆಟ್ಟಿತು. ಹುಬ್ಬಳ್ಳಿಯಲ್ಲಿ ಲಾರಿ, ಕಾರುಗಳಿಗೆ ಸೌಂಡ್ ಸಿಸ್ಟಂ ಕೂರಿಸುವ ಒಂದು ಅಂಗಡಿಗೆ ಹೋದೆ. ಈಗಿನ ಅಗ್ಗದ ಸೆಟ್ಟುಗಳಲ್ಲಿ ಬ್ಲೂಟೂತ್, ಪೆನ್‌ಡ್ರೈವ್, ಎಫ್‌ಎಂ ಎಲ್ಲವೂ ಇರುತ್ತವೆ. ಧಾರವಾಡ ಕೇಂದ್ರ ಬರುವ ಮೀಡಿಯಂ ವೇವ್ ಮಾತ್ರ ಬಹಳಷ್ಟರಲ್ಲಿ ಇರುವುದಿಲ್ಲ. ನಾನು ಕೇಳಿ, ಎದುರಿಗೇ ಹಚ್ಚಿಸಿ, ಮೀಡಿಯಂ ವೇವ್ ಇರುವ ಸೆಟ್ಟನ್ನೇ 2,800 ರೂಪಾಯಿಗೆ ಕೊಂಡೆ. ಅಷ್ಟು ಜಾಗ್ರತೆ ಮಾಡಿದವನು ಕೂರಿಸುವ ಕೆಲಸ ನಡೆಯುವಾಗ ಎದುರಿಗೆ ನಿಲ್ಲಬೇಕಿತ್ತು. ಊಟಕ್ಕೆ ಹೋಗಿಬಿಟ್ಟೆ. ಬರುವಷ್ಟರಲ್ಲಿ ತಲೆಯ ಮೇಲಿನ ಮರದ ಪೆಟ್ಟಿಗೆಯಲ್ಲಿ ಸೆಟ್ಟು ಕುಳಿತಿತ್ತು, ಕ್ಯಾಬಿನ್ನಿನ ಮುಂದಿನ ಫೈಬರ್ ಚಾವಣಿಯ ಮೇಲೆ ಹೊಸ ಏರಿಯಲ್ ನಿಂತಿತ್ತು, ಹಾಡು ಬರುತ್ತಿತ್ತು. ‘ನಮ್ಮದು 24 ವೋಲ್ಟಿನ ಗಾಡಿ, 24ನ್ನು 12 ಮಾಡುವ ಕನ್ವರ್ಟರ್ ಹಾಕಿದಿರಾ?’ ಎಂದು ಕೇಳಿದೆ. ‘ಅದೆಲ್ಲ ಬೇಡ ಅಣ್ಣಾ, ಒಂದೇ ಬ್ಯಾಟರಿಯಿಂದ ಲೈನ್ ಎಳೆದಿದ್ದೇನೆ, ಎಲ್ಲರಿಗೂ ಹೀಗೆಯೇ ಹಾಕಿಕೊಡುವುದು, ಫ್ಯೂಸೂ ಇದೆ’ ಎಂದ. ಬಿಲ್ಲು ಕೇಳಿದಾಗ ಚೀಟಿಯ ಮೇಲೆ ಮೊತ್ತ ಬರೆದುಕೊಟ್ಟ, ಅಷ್ಟೇ.

ಹುಬ್ಬಳ್ಳಿ ಊರೊಳಗೆ ಚೆನ್ನಾಗಿಯೇ ಕೇಳಿಸಿತು. ಗದಗ ರಸ್ತೆ ಹಿಡಿದು ಅಣ್ಣಿಗೇರಿ ಹತ್ತಿರ ಬರುವಾಗ ಧ್ವನಿಯ ಮೇಲೆ ಕೊಯ್ಯೆನ್ನುವ ಸದ್ದು ಏರಿತು. ಆಕ್ಸಿಲರೇಟರ್ ಒತ್ತಿದರೆ ಕೊಯ್ಯೆನ್ನುವುದೂ ಮೇಲೇರುತ್ತಿತ್ತು, ಬಿಟ್ಟರೆ ಇಳಿಯುತ್ತಿತ್ತು. ಚಹಾ ಕುಡಿಯಲು ಇಳಿದೆ. ಆ ಚಹಾದ ಅಂಗಡಿಯ ಹಲಗೆಯ ಮೇಲೆ ಒಂದು ಹಳೆಯ ಟ್ರಾನ್ಸಿಸ್ಟರ್ ಅದೇ ಧಾರವಾಡ ಕೇಂದ್ರವನ್ನು ಸ್ವಚ್ಛವಾಗಿ ಹಾಡುತ್ತಿತ್ತು. ಅಲ್ಲಿಯೇ ನನಗೆ ಅರ್ಥವಾಗಬೇಕಿತ್ತು. ಧಾರವಾಡದ್ದು 200 ಕಿಲೋವ್ಯಾಟಿನ ಪ್ರಸಾರ ಯಂತ್ರ. ನಡುವೆ ಇರುವುದು ಎರೆಯ ಬಯಲು, ಅಡ್ಡ ಬರಲು ಗುಡ್ಡವಿಲ್ಲ. ಕೈಯಗಲದ ಟ್ರಾನ್ಸಿಸ್ಟರಿಗೆ ಸಿಗುವ ಕೇಂದ್ರ ಏರಿಯಲ್ ಇರುವ ಲಾರಿಗೆ ಸಿಗದಿದ್ದರೆ ತಪ್ಪು ಪ್ರಸಾರದಲ್ಲಿಲ್ಲ, ಜೋಡಣೆಯಲ್ಲಿದೆ. ಎಂಜಿನ್ ನಿಲ್ಲಿಸಿದಾಗ ಸದ್ದು ನಿಂತು, ಚಾಲೂ ಮಾಡಿದಾಗ ಶುರುವಾದರೆ ಆ ಗದ್ದಲ ಗಾಡಿಯ ಡೈನಮೊ ಮತ್ತು ವೈರಿಂಗಿನಿಂದಲೇ ಬರುತ್ತಿದೆ ಎಂದರ್ಥ. ಇಷ್ಟು ಪರೀಕ್ಷೆಗೆ ಕಾಸೂ ಬೇಡ, ಮೆಕ್ಯಾನಿಕ್ಕೂ ಬೇಡ.

ಮರುವಾರ ಅದೇ ಅಂಗಡಿಗೆ ಹೋಗಿ ಹೇಳಿದೆ. ‘ಸಿಗ್ನಲ್ ಕಡಿಮೆ ಅಣ್ಣಾ’ ಎಂದು 450 ರೂಪಾಯಿಯ ಬೂಸ್ಟರ್ ಹಾಕಿದ. ಬೂಸ್ಟರ್ ತನಗೆ ಬಂದದ್ದನ್ನೆಲ್ಲ ದೊಡ್ಡದು ಮಾಡುತ್ತದೆ, ಕೇಂದ್ರವನ್ನೂ ಗದ್ದಲವನ್ನೂ. ಸದ್ದು ಇನ್ನೂ ಜೋರಾಯಿತು. ಆಮೇಲೆ ಮೀನಿನ ರೆಕ್ಕೆಯಂತೆ ಕಾಣುವ ಕಪ್ಪು ಏರಿಯಲ್ಲನ್ನು 300 ರೂಪಾಯಿಗೆ ಅಂಟಿಸಿದ. ಮುಂದೆ ಅದನ್ನು ಕಿತ್ತು ಬಿಚ್ಚಿದಾಗ ಒಳಗೆ ಗೇಣುದ್ದದ ಒಂದು ವೈರು ಬಿಟ್ಟರೆ ಏನೂ ಇರಲಿಲ್ಲ. ಕೆಲವು ಗಾಡಿಗಳಿಗೆ ಕಂಪನಿಯಿಂದಲೇ ಬರುವ ರೆಕ್ಕೆಗಳು ನಿಜವಾದ ಏರಿಯಲ್ಲುಗಳು; ಅಂಗಡಿಯಲ್ಲಿ ಅಂಟಿಸಿ ಕೊಡುವ ಇಂಥವು ಬರೀ ಅಲಂಕಾರ.

ಇದೇ ತಿಂಗಳುಗಳಲ್ಲಿ ಇನ್ನೊಂದು ತೊಂದರೆ ಶುರುವಾಗಿತ್ತು. ಎರಡು ಬ್ಯಾಟರಿಗಳಲ್ಲಿ ಒಂದಕ್ಕೆ ಮೇಲಿಂದ ಮೇಲೆ ಬ್ಯಾಟರಿ ನೀರು ಹಾಕಬೇಕಾಗುತ್ತಿತ್ತು, ಇನ್ನೊಂದಕ್ಕೆ ಬೇಕಾಗುತ್ತಲೇ ಇರಲಿಲ್ಲ. ಒಂದು ಬೆಳಗ್ಗೆ ಮುಂಡರಗಿಯಲ್ಲಿ ಸೆಲ್ಫ್ ಹೊಡೆಯಲೇ ಇಲ್ಲ; ನಾಲ್ಕು ಜನ ಸೇರಿಸಿ, ಇನ್ನೊಂದು ಲಾರಿಯಿಂದ ಕೇಬಲ್ ಹಚ್ಚಿ ಎಬ್ಬಿಸಬೇಕಾಯಿತು. ಬ್ಯಾಟರಿ ಹಳೆಯದಾಯಿತು ಎಂದುಕೊಂಡೆ. ರೇಡಿಯೊಗೂ ಅದಕ್ಕೂ ಸಂಬಂಧ ಇರಬಹುದು ಎಂದು ನನಗೆ ಹೊಳೆಯಲೂ ಇಲ್ಲ, ಯಾರೂ ಹೇಳಲೂ ಇಲ್ಲ.

ಸಂಕ್ರಾಂತಿಯ ಹಿಂದಿನ ವಾರ. ಗದಗಿನಲ್ಲಿ ಹತ್ತಿ ಅಂಡಿಗೆ ತುಂಬಿ, ತಾಡಪತ್ರಿ ಕಟ್ಟಿ, ಸರಕಿನ ಬಿಲ್ಟಿ ಕಾಗದ ಬರುವುದನ್ನು ಕಾಯುತ್ತಿದ್ದೆ. ರಸ್ತೆಯ ಆಚೆ ಒಬ್ಬ ಹುಡುಗನ ಎಲೆಕ್ಟ್ರಿಕ್ ಅಂಗಡಿ. ಇಪ್ಪತ್ತೆರಡು ಇಪ್ಪತ್ತಮೂರರ ವಯಸ್ಸು, ಒಂದು ವರ್ಷದ ಹಿಂದೆ ಸ್ವಂತ ಅಂಗಡಿ ಹಾಕಿದವನು. ಬಂದು ನೋಡಿ ಸರಿಯಾದ ಮಾತನ್ನೇ ಹೇಳಿದ: ‘ಮಾಮಾ, ಏರಿಯಲ್ ಫೈಬರ್ ಮೇಲೆ ನಿಂತಿದೆ, ಬಾಡಿ ಅರ್ಥ್, ಅಂದರೆ ಗಾಡಿಯ ಕಬ್ಬಿಣದ ಸಂಪರ್ಕ, ಸಿಕ್ಕಿಲ್ಲ. ಬಾಗಿಲ ಪಕ್ಕದ ಕಬ್ಬಿಣದ ಕಂಬಕ್ಕೆ ಕೂರಿಸೋಣ.’ ಬಣ್ಣವನ್ನು ಉಪ್ಪುಕಾಗದದಿಂದ ಉಜ್ಜಿ ಕಬ್ಬಿಣ ಹೊಳೆಯುವಂತೆ ಮಾಡಿದ. ಫ್ಯೂಸ್ ಇದೆಯೇ ಎಂದು ನೋಡಿಕೊಂಡ, ಇತ್ತು. ಏರಿಯಲ್ಲಿನ ಬುಡವನ್ನು ಕಂಬಕ್ಕೆ ಇಟ್ಟು ನಟ್ಟು ಬಿಗಿಯುತ್ತಿದ್ದಂತೆಯೇ ಚಟ್ ಎಂದು ಕಿಡಿ ಹಾರಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಮೇಲಿನ ಮರದ ಪೆಟ್ಟಿಗೆಯಿಂದ ಹೊಗೆ, ಸೀಟಿನ ಹಿಂದಿನಿಂದ ಹೊಗೆ. ವೈರಿನ ಮೇಲಿನ ಪ್ಲಾಸ್ಟಿಕ್ ಕರಗಿ ಹನಿಹನಿಯಾಗಿ ಹಾಸಿಗೆಯ ಮೇಲೆ ಬೀಳುತ್ತಿತ್ತು. ಕ್ಲೀನರನನ್ನು ಕಾಲು ಹಿಡಿದು ಎಳೆದೆ. ಗಾಡಿಯ ಕೀ ಆಫ್ ಇತ್ತು, ಆದರೂ ಉರಿಯುತ್ತಲೇ ಇತ್ತು. ಅಂಗಡಿಯ ಹುಡುಗ ಪಾನಾ ಹಿಡಿದು ಬ್ಯಾಟರಿ ಪೆಟ್ಟಿಗೆಗೆ ಓಡಿ ಚಾಸಿಯ, ಅಂದರೆ ಗಾಡಿಯ ಕಬ್ಬಿಣದ ಚೌಕಟ್ಟಿನ, ಕಡೆಯ ಟರ್ಮಿನಲ್ ಬಿಚ್ಚಿ ಎಸೆದ. ಅಂಗೈ ಸುಟ್ಟುಕೊಂಡ. ಆಗ ನಿಂತಿತು. ಕ್ಯಾಬಿನ್ನಿನ ಹಿಂದಿನ ತಗಡಿನ ಆಚೆ, ಮೊಳದ ದೂರದಲ್ಲಿ ಮೊದಲ ಸಾಲಿನ ಅಂಡಿಗೆ ಇತ್ತು. ಹತ್ತಿಗೆ ಬೆಂಕಿ ತಗುಲಿದರೆ ಏನಾಗುತ್ತದೆ ಎಂದು ಗದಗಿನವರಿಗೆ ನಾನು ಹೇಳಬೇಕಾಗಿಲ್ಲ.

ಆ ಹುಡುಗನನ್ನು ನಾನು ಬಾಯಿಗೆ ಬಂದಂತೆ ಬೈದೆ. ಸೇರಿದ ಜನರೂ ಬೈದರು. ‘ಕೆಲಸ ಬಾರದವರು ಅಂಗಡಿ ಏಕೆ ಇಡುತ್ತಾರೋ’ ಎಂದರು. ಅವನು ಸುಟ್ಟ ಕೈ ಹಿಡಿದುಕೊಂಡು ಸುಮ್ಮನೆ ನಿಂತಿದ್ದ.

ನಿಜ ತಿಳಿದದ್ದು ಮರುದಿನ, ಬೆಟಗೇರಿಯ ಹಿರಿಯ ಎಲೆಕ್ಟ್ರಿಷಿಯನ್ ಒಬ್ಬರಿಂದ. ಕಾಕಾ ಬ್ಯಾಟರಿ ಪೆಟ್ಟಿಗೆಯನ್ನು ಐದು ನಿಮಿಷ ನೋಡಿ, ನನ್ನನ್ನು ಪಕ್ಕಕ್ಕೆ ಕರೆದು, ನೆಲದ ಮೇಲೆ ಸೀಮೆಸುಣ್ಣದಿಂದ ಎರಡು ಚೌಕ ಬರೆದು ವಿವರಿಸಿದರು. 24 ವೋಲ್ಟಿನ ಲಾರಿಯಲ್ಲಿ 12 ವೋಲ್ಟಿನ ಎರಡು ಬ್ಯಾಟರಿಗಳು ಒಂದರ ಹಿಂದೆ ಒಂದು ಜೋಡಣೆಯಾಗಿರುತ್ತವೆ. ಮೊದಲನೆಯದರ ನೆಗೆಟಿವ್ ಚಾಸಿಗೆ. ಅದರ ಪಾಸಿಟಿವ್ ಎರಡನೆಯದರ ನೆಗೆಟಿವ್‌ಗೆ. ಎರಡನೆಯದರ ಪಾಸಿಟಿವ್‌ನಿಂದ ಇಡೀ ಗಾಡಿಗೆ 24. ಹುಬ್ಬಳ್ಳಿಯ ಅಂಗಡಿಯವನು ರೇಡಿಯೊದ ಎರಡೂ ವೈರುಗಳನ್ನು ಆ ಎರಡನೆಯ ಬ್ಯಾಟರಿಗೆ ಕಟ್ಟಿದ್ದ. ರೇಡಿಯೊಗೆ ಸಿಗುವುದು 12 ವೋಲ್ಟೇ, ಆದ್ದರಿಂದ ಅದು ಹಾಡುತ್ತದೆ. ಆದರೆ ಅದರ ನೆಗೆಟಿವ್ ಚಾಸಿಗಿಂತ 12 ವೋಲ್ಟ್ ಮೇಲೆ ಕುಳಿತಿರುತ್ತದೆ. ರೇಡಿಯೊದ ತಗಡಿನ ಮೈ, ಏರಿಯಲ್ ಕೇಬಲ್ಲಿನ ಹೊರಸುತ್ತಿನ ತಂತಿಬಲೆ ಎರಡೂ ಸೇರಿರುವುದು ಆ ನೆಗೆಟಿವ್‌ಗೇ. ಸೆಟ್ಟು ಮರದ ಪೆಟ್ಟಿಗೆಯಲ್ಲಿ, ಏರಿಯಲ್ ಫೈಬರ್ ಮೇಲೆ ಇದ್ದುದರಿಂದ ಮೂರು ತಿಂಗಳು ಅದು ಗಾಡಿಯ ಕಬ್ಬಿಣವನ್ನು ಮುಟ್ಟಲಿಲ್ಲ. ಮುಟ್ಟಿದ ಕ್ಷಣ ಮೊದಲ ಬ್ಯಾಟರಿ ಪೂರ್ತಿ ಶಾರ್ಟ್ ಆಯಿತು. ಫ್ಯೂಸ್ ಏಕೆ ಹೋಗಲಿಲ್ಲ ಎಂದರೆ, ಫ್ಯೂಸ್ ಇದ್ದದ್ದು ಪಾಸಿಟಿವ್ ವೈರಿನಲ್ಲಿ. ಕರೆಂಟು ಹರಿದದ್ದು ನೆಗೆಟಿವ್ ವೈರು ಮತ್ತು ಏರಿಯಲ್ ಕೇಬಲ್ಲಿನ ಮೂಲಕ. ಅಲ್ಲಿ ಅದನ್ನು ತಡೆಯುವುದು ಏನೂ ಇರಲಿಲ್ಲ.

ಬ್ಯಾಟರಿ ನೀರಿನ ಗುಟ್ಟೂ ಅಲ್ಲೇ ಇತ್ತು. ರೇಡಿಯೊ ಒಂದೇ ಬ್ಯಾಟರಿಯನ್ನು ಹೀರುತ್ತದೆ, ಡೈನಮೊ ಮಾತ್ರ ಎರಡನ್ನೂ ಕೂಡಿಸಿ ಚಾರ್ಜ್ ಮಾಡುತ್ತದೆ. ಹೀರಿಸಿಕೊಂಡದ್ದು ತುಂಬುವುದಿಲ್ಲ, ಇನ್ನೊಂದು ಮಿತಿ ಮೀರಿ ತುಂಬಿ ನೀರು ಗ್ಯಾಸಾಗಿ ಹಾರಿಹೋಗುತ್ತದೆ. ಎರಡೂ ಹಾಳು. ನೆಗೆಟಿವ್ ಚಾಸಿಗೆ ಇರುವ ಮೊದಲ ಬ್ಯಾಟರಿಯಿಂದಲೇ ಲೈನ್ ಎಳೆದಿದ್ದರೆ ಬೆಂಕಿಯ ಭಯ ಇರುತ್ತಿರಲಿಲ್ಲ. ಬ್ಯಾಟರಿಗಳು ಕೆಡುವುದು ಮಾತ್ರ ಆಗಲೂ ತಪ್ಪುತ್ತಿರಲಿಲ್ಲ. ಹಾಗಾಗಿ ಒಂದೇ ಬ್ಯಾಟರಿಯಿಂದ ಎಳೆಯುತ್ತೇನೆ ಎನ್ನುವವನಿಂದ ಗಾಡಿಯನ್ನು ವಾಪಸು ತನ್ನಿ.

ಕಾಕಾ ಮಾಡಿದ ಕೆಲಸ ಹೀಗಿದೆ. 24ನ್ನು 12 ಮಾಡುವ ಕನ್ವರ್ಟರನ್ನು ಬ್ಯಾಟರಿಯ ಹತ್ತಿರವೇ ಫ್ಯೂಸ್ ಸಮೇತ ಕೂರಿಸಿದರು, ರೇಡಿಯೊದಿಂದಲೂ ಏರಿಯಲ್‌ನಿಂದಲೂ ಆದಷ್ಟು ದೂರ. ಅಗ್ಗದ ಕನ್ವರ್ಟರು ತಾನೇ ಮೀಡಿಯಂ ವೇವಿನಲ್ಲಿ ಸಿಳ್ಳೆ ಹಾಕುತ್ತದೆ. ಅದಕ್ಕೆ ಕಬ್ಬಿಣದ ಪೆಟ್ಟಿಗೆಯೊಳಗೆ ಬರುವ ಒಳ್ಳೆಯದನ್ನೇ ಕೊಳ್ಳಬೇಕು ಎಂದರು. ಏರಿಯಲ್ಲನ್ನು ಆ ಹುಡುಗ ಉಜ್ಜಿದ ಜಾಗದಲ್ಲೇ ಕೂರಿಸಿದರು. ಅವನು ಆರಿಸಿದ ಜಾಗ ಅಷ್ಟು ಸರಿಯಾಗಿತ್ತು. ಕೇಬಲ್ ಬಿಚ್ಚಿ ನೋಡಿದರೆ ಅಂಗಡಿಯವನು ಉದ್ದ ಸಾಲದೆ ಟಿವಿ ಕೇಬಲ್ ಸೇರಿಸಿ ಟೇಪು ಸುತ್ತಿದ್ದ. 765 ಕಿಲೋಹರ್ಟ್ಸಿನ ಅಲೆಯ ಉದ್ದ ಸುಮಾರು 392 ಮೀಟರ್. ಲಾರಿಯ ಏರಿಯಲ್ ಒಂದು ಮೀಟರೂ ಇಲ್ಲ. ಅಷ್ಟು ಗಿಡ್ಡ ಸರಳು ಹಿಡಿಯುವ ಅಲ್ಪ ಸಂಕೇತವನ್ನು ಟಿವಿ ಕೇಬಲ್ ದಾರಿಯಲ್ಲೇ ತಿಂದುಹಾಕುತ್ತದೆ. ಎಫ್‌ಎಂ ಅಲೆ ಮೂರು ಮೀಟರಿನಷ್ಟೇ ಆದ್ದರಿಂದ ಮುಕ್ಕಾಲು ಮೀಟರಿನ ಸರಳು ಅದಕ್ಕೆ ಸಾಕು. ಎಫ್‌ಎಂ ಚೆನ್ನಾಗಿ ಬಂದು ಮೀಡಿಯಂ ವೇವ್ ಮಾತ್ರ ಬಾರದಿದ್ದರೆ ಕೇಬಲ್ ಮೇಲೆ ಅನುಮಾನ ಪಡಿ. ಗಾಡಿಯ ಏರಿಯಲ್‌ಗೆಂದೇ ಬರುವ, ಒಳಗೆ ಕೂದಲೆಳೆಯಂಥ ತಂತಿಯಿರುವ ಕೇಬಲ್ಲನ್ನು ಒಂದೇ ತುಂಡಿನಲ್ಲಿ ಎಳೆಸಿ. ಮುಂಭಾಗಕ್ಕೆ ಹಾಕಿಸಿದ್ದ ಎಲ್‌ಇಡಿ ಸರವನ್ನೂ ಕಾಕಾ ಹಚ್ಚಿ ಆರಿಸಿ ತೋರಿಸಿದರು; ಗದ್ದಲದ ಒಂದು ಪಾಲು ಅದರದೇ ಆಗಿತ್ತು. ಕಿತ್ತುಹಾಕಿದೆ. ಈಗ ಗದಗು ದಾಟಿ ಮುಂಡರಗಿಯವರೆಗೂ ಧಾರವಾಡ ಹಗಲಿನಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ಹೈಟೆನ್ಷನ್ ತಂತಿಗಳ ಕೆಳಗೆ ಹಾಯುವಾಗ ಗೊರಗೊರ ಎನ್ನುತ್ತದೆ, ಅದು ಎಲ್ಲರಿಗೂ ಇದ್ದದ್ದೇ.

ನೀವು ಮಾಡಬೇಕಾದ ಪರೀಕ್ಷೆ ಒಂದೇ. ಮಲ್ಟಿಮೀಟರಿನ ಕಪ್ಪು ಕಡ್ಡಿಯನ್ನು ಚಾಸಿಯ ಬೋಲ್ಟಿಗೆ, ಕೆಂಪನ್ನು ರೇಡಿಯೊದ ತಗಡಿನ ಮೈಗೆ ಇಡಿ. ಸೊನ್ನೆ ಇರಬೇಕು. 12ರ ಹತ್ತಿರ ತೋರಿಸಿದರೆ ಮೊದಲು ಬ್ಯಾಟರಿಯ ಬಳಿ ರೇಡಿಯೊದ ಎರಡೂ ವೈರು ಬಿಚ್ಚಿಸಿ, ಉಳಿದದ್ದು ಆಮೇಲೆ. ಮೀಟರು ಇಲ್ಲದ ಮೆಕ್ಯಾನಿಕ್ಕಿನ ಕೈಗೆ 24 ವೋಲ್ಟಿನ ಗಾಡಿ ಕೊಡಬೇಡಿ.

ಸುಟ್ಟ ವೈರುಗಳನ್ನು ಹಿಡಿದುಕೊಂಡು ಹುಬ್ಬಳ್ಳಿಯ ಅಂಗಡಿಗೆ ಹೋದೆ. ‘ನಾನು ಹಾಕಿದ್ದು ಮೂರು ತಿಂಗಳು ನಡೆದಿದೆ, ಗದಗಿನವನು ಮುಟ್ಟಿ ಕೆಡಿಸಿದ್ದಾನೆ, ಅವನನ್ನೇ ಕೇಳಿ’ ಎಂದ. ಕೈಯಲ್ಲಿ ಬಿಲ್ಲಿರಲಿಲ್ಲ, ಏನು ಹಾಕಿದ ಎಂದು ಬರೆದ ಕಾಗದವಿರಲಿಲ್ಲ. ಎರಡು ಬ್ಯಾಟರಿಗೆ 19,000, ವೈರಿಂಗು ಮತ್ತು ಕನ್ವರ್ಟರಿಗೆ 4,500, ಮೂರು ದಿನ ಗಾಡಿ ನಿಂತದ್ದು ಬೇರೆ. ಹಣಕ್ಕಿಂತ ಹೆಚ್ಚಾಗಿ ಅವನ ಆ ಮಾತು ನನಗೆ ಚುಚ್ಚಿತು, ಏಕೆಂದರೆ ಅದೇ ಮಾತನ್ನು ನಾನೂ ಆಡಿದ್ದೆ. ನನ್ನಿಂದಲೇ ಆ ಸುದ್ದಿ ಲಾರಿ ಸ್ಟ್ಯಾಂಡಿನಲ್ಲಿ ಹರಡಿ, ಎರಡು ವಾರ ಆ ಹುಡುಗನ ಅಂಗಡಿಗೆ ಗಾಡಿಗಳು ಹೋಗುವುದು ಕಡಿಮೆಯಾಗಿತ್ತು.

ಕಾಕಾ ಅವರನ್ನೂ ಕರೆದುಕೊಂಡು ಅವನ ಅಂಗಡಿಗೆ ಹೋದೆ. ನಾಲ್ಕು ಜನ ಚಾಲಕರ ಎದುರಿಗೇ ತಪ್ಪಾಯಿತು ಎಂದು ಹೇಳಿ, ಆ ದಿನ ಕೊಡದೆ ಬಂದಿದ್ದ ಕೂಲಿಯನ್ನೂ ಕೈಗೆ ಮಾಡಿದ ಔಷಧದ ಖರ್ಚನ್ನೂ ಕೊಟ್ಟೆ. ಕಾಕಾ ಅವನಿಗೆ ಸೀಮೆಸುಣ್ಣದಿಂದ ಅದೇ ಎರಡು ಚೌಕಗಳನ್ನು ಬರೆದು ತೋರಿಸಿದರು. ಮೊನ್ನೆ ಹಿಂದಿನ ದೀಪದ ವೈರು ಸರಿಮಾಡಿಸಲು ಅಲ್ಲಿಯೇ ನಿಲ್ಲಿಸಿದೆ. ಅಂಗೈಯ ಗಾಯ ಮಾಯ್ದು ಬಿಳಿಯ ಗೆರೆಯಾಗಿದೆ. ದೀಪದ ಕೆಲಸ ಹಿಂದೆ ಇದ್ದರೂ ಅವನು ಮೀಟರು ಹಿಡಿದು ಮೊದಲು ಕ್ಯಾಬಿನ್ ಹತ್ತಿ ರೇಡಿಯೊದ ಮೈಗೆ ಕೆಂಪು ಕಡ್ಡಿ ಇಟ್ಟು ನೋಡಿದ. ‘ಸೊನ್ನೆ ಇದೆ ಮಾಮಾ’ ಎಂದು ಹೇಳಿ, ಇಳಿದು ಹಿಂದಕ್ಕೆ ಹೋದ.