ಹೊಸತೊಡಕಿಗೆ ತಂದ ಪ್ಲಾಸ್ಟಿಕ್ ಇಸ್ಪೀಟ್ ಎಲೆ: ಕೊಟ್ಟ ದುಡ್ಡಿಗೆ ಮೋಸ ಇಲ್ಲ, ಆದರೆ...

ಎರಡು ಪ್ಯಾಕ್ ಇಸ್ಪೀಟ್ ಎಲೆಗೆ ಎರಡು ಸಾವಿರ ಚಿಲ್ಲರೆ ರೂಪಾಯಿ. ಬೆಲೆ ಕೇಳಿದ ನಮ್ಮ ಮಂಡ್ಯದ ಭಾವ, "ಅಷ್ಟು ದುಡ್ಡಿಗೆ ಎರಡು ಕೆಜಿ ಮಟನ್ ಬರೋದಲ್ಲೋ" ಅಂದರು. ಬರುತ್ತಿತ್ತು, ಇಲ್ಲ ಅನ್ನಲ್ಲ. ಆದರೆ ಹೊಸತೊಡಕಿನ ದಿನ ಅದೇ ಮಟನ್ ಊಟ ಮುಗಿಸಿ, ಜಮಖಾನ ಹಾಸಿ, ಐದಾರು ಜನ ರಮ್ಮಿಗೆ ಕೂತರೆ ಸಾಯಂಕಾಲದ ಹೊತ್ತಿಗೆ ಪೇಪರ್ ಎಲೆ ಯಾವ ಗತಿ ಕಂಡಿರುತ್ತದೆ ಅಂತ ಈ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಂದರ ಮೂಲೆ ಮಡಿಸಿರುತ್ತದೆ, ಇನ್ನೊಂದಕ್ಕೆ ಎಣ್ಣೆ ಕಲೆ, ಮತ್ತೊಂದರ ಅಂಚು ಸುಲಿದಿರುತ್ತದೆ. ಬೆನ್ನು ನೋಡಿಯೇ "ಅದು ಆಟೀನ್ ರಾಣಿ" ಅನ್ನುವವರು ನಮ್ಮಲ್ಲಿ ಇಬ್ಬರಿದ್ದಾರೆ. ಅದನ್ನ ಮೋಸ ಅನ್ನಬೇಕಾ, ಜಾಣತನ ಅನ್ನಬೇಕಾ ಅಂತ ಪ್ರತಿ ವರ್ಷ ಜಗಳ.

ನಾವು ದುಡ್ಡು ಕಟ್ಟಿ ಆಡಲ್ಲ, ಬರೀ ಪಾಯಿಂಟ್ ಲೆಕ್ಕ. ಆದರೂ ಜಗಳಕ್ಕೇನೂ ಕಮ್ಮಿ ಇಲ್ಲ. 2025ರಲ್ಲಿ ಕೇಂದ್ರ ಸರ್ಕಾರ ದುಡ್ಡಿನ ಆನ್‌ಲೈನ್ ಆಟಗಳನ್ನು ನಿಷೇಧಿಸಿದ ಮೇಲೆ ಫೋನಿನಲ್ಲಿ ರಮ್ಮಿ ಆಡುತ್ತಿದ್ದ ಹುಡುಗರೂ ಜಮಖಾನಕ್ಕೆ ಬಂದಿದ್ದಾರೆ, ಅವರ ಕಣ್ಣು ಬಲು ಚುರುಕು.

ಅದಕ್ಕೇ ಈ ಸಲ ಕ್ಯಾಸಿನೊಗಳಲ್ಲಿ ಬಳಸುವ ಥರದ ಎಲೆ ತರಿಸಿದೆ. ಪೂರ್ತಿ ಪ್ಲಾಸ್ಟಿಕ್, ಬೆನ್ನಿಗೆ ಬಿಳಿ ಬಾರ್ಡರ್, ಮೂಲೆಯಲ್ಲಿ ದೊಡ್ಡ ಅಂಕಿ. ಬ್ರಾಂಡ್ ಹೆಸರು ಬರೆಯಲ್ಲ, ಇಲ್ಲಿ ಹೇಳುವ ಗುಣ ಇದ್ದರೆ ಯಾರ ಎಲೆಯಾದರೂ ಸರಿ. ಮೈಸೂರಿನಲ್ಲಿ ಶಿವರಾಂಪೇಟೆ, ಸಯ್ಯಾಜಿರಾವ್ ರಸ್ತೆ ಕಡೆ ಹುಡುಕಿದೆ. ನನಗೆ ಸಿಕ್ಕಿದ್ದೆಲ್ಲ ಪೇಪರ್ ಎಲೆ, ಇಲ್ಲವೇ ಪೇಪರ್ ಮೇಲೆ ಪ್ಲಾಸ್ಟಿಕ್ ಬಳಿದದ್ದು. ಡಬ್ಬಿ ಮೇಲೆ "ಪ್ಲಾಸ್ಟಿಕ್ ಕೋಟೆಡ್" ಅಂತ ಇದ್ದರೆ ಅದು ಪೇಪರ್ ಎಲೆಯೇ, ಮರುಳಾಗಬೇಡಿ. ಕೊನೆಗೆ ಆನ್‌ಲೈನ್‌ನಲ್ಲೇ ತರಿಸಬೇಕಾಯಿತು.

ಎಲೆ ಕೊಳ್ಳುವಾಗ ಎಲ್ಲರೂ ರಾಜ ರಾಣಿ ಚೆನ್ನಾಗಿದ್ದಾರಾ ಅಂತ ನೋಡುತ್ತಾರೆ. ನೋಡಬೇಕಾದ್ದು ಬೆನ್ನು. ಹಿಂದೆ ಯಾವಾಗಲೋ ತರಿಸಿದ್ದ ಅಗ್ಗದ ಪ್ಲಾಸ್ಟಿಕ್ ಪ್ಯಾಕ್ ಒಂದು ಮನೆಯಲ್ಲಿತ್ತು. ಅದರ ಬೆನ್ನಿಗೆ ಬಾರ್ಡರ್ ಇಲ್ಲ, ನೀಲಿ ಡೈಮಂಡ್ ವಿನ್ಯಾಸ ಅಂಚಿನವರೆಗೂ ತುಂಬಿಕೊಂಡಿದೆ. ಹೊಸದನ್ನೂ ಅದನ್ನೂ ಕಿಟಕಿ ಬೆಳಕಿನಲ್ಲಿ ಪಕ್ಕ ಪಕ್ಕ ಹಿಡಿದು ನೋಡಿದೆ. ಹಳೆಯದರ ಎಡಗಡೆ ಉದ್ದ ಅಂಚಿನಲ್ಲಿ ಡೈಮಂಡ್‌ಗಳು ಪೂರ್ತಿ ಇವೆ, ಬಲಗಡೆ ಅರ್ಧಕ್ಕೇ ಕತ್ತರಿಸಿ ಹೋಗಿವೆ. ಕತ್ತರಿಸುವ ಯಂತ್ರ ಕೂದಲೆಳೆಯಷ್ಟು ಆಚೀಚೆ ಆಗಿದೆ ಅಷ್ಟೇ. ಆದರೆ ಆ ಎಲೆಯನ್ನ ಅರ್ಧ ಸುತ್ತು ತಿರುಗಿಸಿ ಇಟ್ಟರೆ ಪೂರ್ತಿ ಡೈಮಂಡ್ ಬಲಗಡೆಗೆ ಬಂತು! ಈಗ ಯಾರೋ ಒಬ್ಬರು ತಮ್ಮ ಕೈಗೆ ಬಂದ ಜೋಕರ್‌ಗಳನ್ನೆಲ್ಲ ತಿರುಗಿಸಿ, ಉಳಿದದ್ದನ್ನ ಹಾಗೇ ಬಿಟ್ಟು, ಆಟ ಮುಗಿದಾಗ ವಾಪಸ್ ಕೊಡುತ್ತಾ ಹೋದರು ಅಂತ ಇಟ್ಟುಕೊಳ್ಳಿ. ಮುಂದಿನ ಆಟಕ್ಕೆ ಜೋಕರ್‌ಗಳ ಬೆನ್ನೇ ಬೇರೆ. ಉಗುರಿನ ಗೀರು ಬೇಡ, ಶಾಯಿ ಬೇಡ, ಎಲೆಗೆ ಏನೂ ಮಾಡಿಲ್ಲ. ನಾವು ಎಷ್ಟು ಕಲಸಿದರೂ ಎಲೆಯ ತಲೆ ಯಾವ ಕಡೆ ಇತ್ತೋ ಆ ಕಡೆಯೇ ಇರುತ್ತದೆ, ಗುಟ್ಟು ಅಲ್ಲಿದೆ.

ರಮ್ಮಿಗಂತೂ ಇದು ಜಾಸ್ತಿ ತಾಗುತ್ತದೆ. ಮಧ್ಯೆ ಇಟ್ಟ ಮುಚ್ಚಿದ ಕಟ್ಟಿನ ಮೇಲಿನ ಎಲೆ ಎಲ್ಲರ ಕಣ್ಣಿಗೂ ಕಾಣುತ್ತಲೇ ಇರುತ್ತದಲ್ವಾ? ಅದು ಜೋಕರ್ ಅಂತ ಒಬ್ಬರಿಗೆ ಮಾತ್ರ ಗೊತ್ತಿದ್ದರೆ, ಬಿಟ್ಟ ಎಲೆ ಎತ್ತಬೇಕಾ ಮುಚ್ಚಿದ್ದು ಎತ್ತಬೇಕಾ ಅಂತ ಅವರು ಯಾಕೆ ತಲೆ ಕೆಡಿಸಿಕೊಳ್ಳುತ್ತಾರೆ.

ಇದೇನು ನಾನು ಸುಮ್ನೆ ಹೆದರಿಸುತ್ತಿರುವುದಲ್ಲ. 2012ರಲ್ಲಿ ಲಂಡನ್ನಿನ ಕ್ರಾಕ್‌ಫರ್ಡ್ಸ್ ಕ್ಲಬ್ಬಿನಲ್ಲಿ ಫಿಲ್ ಐವಿ ಅನ್ನುವ ಹೆಸರಾಂತ ಪೋಕರ್ ಆಟಗಾರ, ಚಿಯುಂಗ್ ಯಿನ್ ಸನ್ ಅನ್ನುವ ಜೊತೆಗಾತಿ ಸೇರಿ ಪುಂಟೊ ಬ್ಯಾಂಕೊ ಅನ್ನುವ ಇಸ್ಪೀಟ್ ಜೂಜಿನಲ್ಲಿ ಸುಮಾರು 77 ಲಕ್ಷ ಪೌಂಡ್ ಗೆದ್ದದ್ದು ಹೀಗೇ. ಆಟಕ್ಕೆ ಬೇಕಾದ ದೊಡ್ಡ ಎಲೆಗಳನ್ನ "ಇದು ನನ್ನ ನಂಬಿಕೆ, ಅದೃಷ್ಟ" ಅಂತ ಹೇಳಿ ಎಲೆ ಹಂಚುವವರ ಕೈಯಲ್ಲೇ ತಿರುಗಿಸಿಡಿಸಿದರು. ಇವರು ಎಲೆ ಮುಟ್ಟಲೇ ಇಲ್ಲ. ಕ್ಲಬ್ಬು ಗೆದ್ದ ದುಡ್ಡು ಕೊಡಲಿಲ್ಲ, ಐವಿ ಕೋರ್ಟಿಗೆ ಹೋದರು, 2017ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಇದು ಮೋಸವೇ ಅಂದಿತು. ತಾನು ಮಾಡಿದ್ದು ಮೋಸ ಅಲ್ಲ ಅಂತ ಐವಿ ನಿಜವಾಗಿಯೂ ನಂಬಿದ್ದರು, ಅದನ್ನ ಕೋರ್ಟೂ ಒಪ್ಪಿತು, ಆದರೂ ತೀರ್ಪು ಬದಲಾಗಲಿಲ್ಲ. ಅಮೆರಿಕದ ಅಟ್ಲಾಂಟಿಕ್ ಸಿಟಿಯ ಬೊರ್ಗಾಟಾ ಕ್ಯಾಸಿನೊದಲ್ಲೂ ಅದೇ ವರ್ಷ ಇದೇ ಜೋಡಿ, ಇದೇ ಉಪಾಯ, 96 ಲಕ್ಷ ಡಾಲರ್. ಅಲ್ಲಿ ಕೈಯಲ್ಲಿ ಕಲಸಬೇಡಿ, ಯಂತ್ರದಲ್ಲೇ ಕಲಸಿ ಅಂತ ಕೇಳಿದ್ದರು. ಯಂತ್ರ ಎಲೆ ತಿರುಗಿಸಲ್ಲವಲ್ಲ!

ನಮ್ಮ ಸುಪ್ರೀಂ ಕೋರ್ಟು 1967ರಲ್ಲೇ ರಮ್ಮಿ ಮೂರೆಲೆ ಥರ ಪೂರ್ತಿ ಅದೃಷ್ಟದ ಆಟ ಅಲ್ಲ ಅಂದಿದೆ. ಬಿದ್ದ ಎಲೆ ನೆನಪಿಡಬೇಕು, ಯಾವುದು ಇಟ್ಟುಕೊಳ್ಳಬೇಕು, ಯಾವುದು ಬಿಡಬೇಕು ಅನ್ನುವ ಕೌಶಲ ಬೇಕು ಅಂತ. ನಮ್ಮ ಮನೆಯ ಇಬ್ಬರು ಇದನ್ನೇ ಹಿಡಿದು "ನಾವೂ ನೆನಪೇ ಇಟ್ಟುಕೊಳ್ಳೋದು" ಅಂತಾರೆ. ಎಲೆ ನೆನಪಿಡಿ ಸ್ವಾಮಿ, ಎಣ್ಣೆ ಕಲೆಯನ್ನಲ್ಲ.

ಹೊಸ ಎಲೆಗೆ ಬರೋಣ. ಸೀರೆಗೆ ಇರುವ ಹಾಗೆ ಸುತ್ತಲೂ ಬಿಳಿ ಬಾರ್ಡರ್, ಒಳಗೆ ಮೇಲಿಂದ ನೋಡಿದರೂ ಕೆಳಗಿಂದ ನೋಡಿದರೂ ಒಂದೇ ಥರ ಕಾಣುವ ಬಳ್ಳಿ. ಕತ್ತರಿಸುವುದು ಸ್ವಲ್ಪ ಓರೆಯಾದರೂ ವಿನ್ಯಾಸ ತುಂಡಾಗಲ್ಲ, ಬಾರ್ಡರ್ ಒಂದು ಕಡೆ ದಪ್ಪ ಒಂದು ಕಡೆ ಸಣ್ಣ ಆಗಬಹುದು ಅಷ್ಟೇ. ಹಾಗಾಗಿ ಬಾರ್ಡರ್ ಇದೆ ಅಂದ ಮಾತ್ರಕ್ಕೆ ನಂಬಬೇಡಿ, ನಾಲ್ಕೂ ಕಡೆ ಅಗಲ ಸರಿ ಇದೆಯಾ ನೋಡಿ. ನನ್ನ ಸೆಟ್ಟಿನಲ್ಲಿ ಸರಿಯಾಗಿದೆ. ಬಾರ್ಡರ್‌ನಿಂದ ಇನ್ನೊಂದು ಲಾಭ. ಎಲೆ ಹಂಚುವಾಗ ಮೇಲಿನದನ್ನ ಹಿಡಿದುಕೊಂಡು ಎರಡನೆಯದನ್ನ ಜಾರಿಸಿ ಕೊಡುವ ಕೈಚಳಕ ಇದೆಯಲ್ಲ, ಬಾರ್ಡರ್ ಇಲ್ಲದ ಎಲೆಯಲ್ಲಿ ಅದು ಕಣ್ಣಿಗೆ ಬೀಳುವುದೇ ಕಷ್ಟ. ಬಿಳಿ ಗೆರೆ ಇದ್ದರೆ ಅದು ಅಲುಗಿದ್ದು ಕಾಣುತ್ತದೆ.

ಬೆನ್ನಿನ ಮೇಲೆ ಯಾರಾದರೂ ಗುರುತು ಹಾಕಿದ್ದಾರಾ ಅಂತ ನೋಡಲು ಒಂದು ಸುಲಭ ಪರೀಕ್ಷೆ ಇದೆ. ಪೂರ್ತಿ ಕಟ್ಟನ್ನ ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದು, ಬೆನ್ನು ಕಾಣುವ ಹಾಗೆ ಹೆಬ್ಬೆರಳಿನಿಂದ ಬರ್ರನೆ ಬಿಡುತ್ತಾ ಹೋಗಿ. ಎಲ್ಲಾ ಬೆನ್ನು ಒಂದೇ ಆಗಿದ್ದರೆ ಬಳ್ಳಿ ಅಲ್ಲಾಡದೆ ನಿಂತಿರುತ್ತದೆ, ಎಲ್ಲೋ ಒಂದು ಎಸಳು ಹೆಚ್ಚು ಕಡಿಮೆ ಇದ್ದರೆ ಆ ಜಾಗ ಕುಣಿಯುತ್ತದೆ. ಹಳೇ ಪ್ಯಾಕಿನಲ್ಲಿ ಅಂಚೆಲ್ಲ ಕುಣಿಯಿತು. ಹೊಸದು ಮಿಸುಕಲಿಲ್ಲ.

ಬೆಳಕಿನ ವಿಷಯಕ್ಕೆ ಬಂದರೆ, ಫೋನಿನ ಟಾರ್ಚ್ ಹಚ್ಚಿ ಎಲೆಯ ಹಿಂದೆ ಹಿಡಿಯಿರಿ. ಅಗ್ಗದ ಪೇಪರ್ ಎಲೆಯಲ್ಲಿ ಇಸ್ಪೀಟ್ ಎಕ್ಕ ಬೆನ್ನಿನಿಂದಲೇ ಮಸುಕಾಗಿ ಕಂಡಿತು. ಒಳ್ಳೆಯ ಪೇಪರ್ ಎಲೆ ಅಂದರೆ ಎರಡು ಹಾಳೆಗಳ ನಡುವೆ ಕಪ್ಪು ಗೋಂದು ಹಾಕಿ ಅಂಟಿಸಿರುತ್ತಾರೆ, ಬೆಳಕು ದಾಟಬಾರದು ಅಂತಲೇ. ಹರಿದ ಎಲೆ ಇದ್ದರೆ ಅಂಚು ನೋಡಿ, ಕಪ್ಪು ಗೆರೆ ಕಾಣುತ್ತದೆ. ನನ್ನ ಪ್ಲಾಸ್ಟಿಕ್ ಎಲೆಯಲ್ಲಿ ಟಾರ್ಚಿಗೆ ಏನೂ ಕಾಣಲಿಲ್ಲ.

ಮಡಚಿದರೆ? ಬಿಲ್ಲಿನ ಹಾಗೆ ಬಗ್ಗಿಸಿ ಬಿಟ್ಟೆ, ನೆಟ್ಟಗಾಯಿತು. ಹಾಗಂತ ಮೂಲೆಯನ್ನ ಹಲ್ಲು ಕಚ್ಚಿ ಮಡಚಿದರೆ ಪ್ಲಾಸ್ಟಿಕ್ಕಿಗೂ ಗೆರೆ ಬೀಳುತ್ತದೆ, ಉಗುರಿನ ಗೀರೂ ಬೀಳುತ್ತದೆ. ಬೇಕಂತ ಹಾಳು ಮಾಡುವವರಿಂದ ಯಾವ ಎಲೆಯೂ ಉಳಿಯಲ್ಲ. ನಮ್ಮ ಮನೆಗೆ ಬೇಕಾಗಿದ್ದದ್ದು ಮಟನ್ ಸಾರಿನಿಂದ ಉಳಿಯುವ ಎಲೆ, ಅದರಲ್ಲಿ ಇದು ಪಾಸ್. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಬಟ್ಟೆಯಲ್ಲಿ ಇನ್ನೊಮ್ಮೆ ಒರೆಸಿದರೆ ಮುಗಿಯಿತು, ಕಲೆಯ ಸುಳಿವೂ ಇಲ್ಲ.

ಎಲೆಯ ಮುಖದಲ್ಲೂ ಇಂಥ ಯೋಚನೆ ಅಡಗಿದೆ. ಹಿಂದೆ ಯುರೋಪಿನ ಎಲೆಗಳಲ್ಲಿ ರಾಜ ರಾಣಿಯರಿಗೆ ಒಂದೇ ತಲೆ, ಕಾಲೂ ಇತ್ತು. ತಲೆಕೆಳಗಾಗಿ ಬಂದ ರಾಜನನ್ನ ಆಟಗಾರ ನೇರ ಮಾಡಿಕೊಂಡ ತಕ್ಷಣ ಎದುರಿನವನಿಗೆ ಸುಳಿವು ಸಿಕ್ಕಿಬಿಡುತ್ತಿತ್ತು. ಈಗ ಎರಡೂ ಕಡೆ ತಲೆ, ತಿರುಗಿಸುವ ಗೋಜೇ ಇಲ್ಲ. ಮೂಲೆಯ ಅಂಕಿಯೂ 19ನೇ ಶತಮಾನದಲ್ಲಿ ಬಳಕೆಗೆ ಬಂದದ್ದು, ಎಲೆಗಳನ್ನ ಅಗಲವಾಗಿ ಬಿಡಿಸದೆ ಒತ್ತಾಗಿ ಹಿಡಿದು ಆಡಲಿ ಅಂತ. ನಮ್ಮ ದಶಾವತಾರ ಗಂಜೀಫಾದ 120 ಎಲೆಗಳು ದುಂಡಗಿರುವುದರಿಂದ ಅದರಲ್ಲಿ ಮಡಚಲು ಮೂಲೆಯೇ ಇಲ್ಲ, ತಲೆ ಬುಡದ ಲೆಕ್ಕವೂ ನಡೆಯಲ್ಲ. ಆದರೆ ಕೈಯಲ್ಲಿ ಬರೆದ ಎಲೆ, ಒಂದರ ಹಾಗೆ ಇನ್ನೊಂದು ಇರಲ್ಲ, ದಿನಾ ಆಡುವವರಿಗೆ ಗುರುತು ಸಿಕ್ಕೇ ಸಿಗುತ್ತಿತ್ತು ಅಂತ ನನ್ನ ಅನುಮಾನ.

ಇನ್ನು ಶಾಯಿಯ ಮೋಸ. ವೋಟಿನ ಅಳಿಸಲಾಗದ ಶಾಯಿ 1962ರ ಚುನಾವಣೆಯಿಂದ ನಮ್ಮ ಮೈಸೂರಿನಲ್ಲೇ ತಯಾರಾಗುತ್ತದೆ, ಇಸ್ಪೀಟ್ ಕಳ್ಳರಿಗೆ ಬೇಕಾದ್ದು ಉಲ್ಟಾ, ಬರಿಗಣ್ಣಿಗೆ ಕಾಣದ್ದು. ವಿಶೇಷ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡವರಿಗೆ ಮಾತ್ರ ಕಾಣುವ ಶಾಯಿಯೇ ಇದೆ. ಕ್ಯಾಸಿನೊಗಳು ಅದೇ ಉಪಾಯವನ್ನ ಕಳ್ಳರ ಮೇಲೆ ತಿರುಗಿಸಿವೆ. ಜಪಾನಿನ ಏಂಜೆಲ್ ಅನ್ನುವ ಕಂಪನಿ ಎಲೆಯ ಮೇಲೆ ಕಣ್ಣಿಗೆ ಕಾಣದ ಕೋಡ್ ಅಚ್ಚು ಹಾಕುತ್ತದೆ, ಎಲೆ ಹೊರಬರುವ ಪೆಟ್ಟಿಗೆ ಅದನ್ನ ಓದಿಕೊಳ್ಳುತ್ತದೆ. ಪೆಟ್ಟಿಗೆಯಿಂದ ಹೋದದ್ದು ಆರು, ಮೇಜಿನ ಮೇಲೆ ಬಿದ್ದದ್ದು ಒಂಬತ್ತು ಅಂದರೆ ಯಾರೋ ಎಲೆ ಬದಲಾಯಿಸಿದ್ದಾರೆ ಅಂತ ಅಲ್ಲೇ ಗೊತ್ತು. ಆಡಿ ಮುಗಿದ ಎಲೆಗೆ ತೂತು ಹೊಡೆದೋ ಮೂಲೆ ಕತ್ತರಿಸಿಯೋ ಹೊರಹಾಕುತ್ತಾರೆ, ಅದೇ ಎಲೆ ಜೇಬಿನಲ್ಲಿ ವಾಪಸ್ ಬರಬಾರದು ಅಂತ. ಗೋವಾಕ್ಕೆ ಹೋದವರು ಯಾರಾದರೂ ತೂತಿನ ಎಲೆ ನೆನಪಿಗೆ ತಂದುಕೊಟ್ಟರೆ ಇಟ್ಟುಕೊಳ್ಳಿ, ಆಟಕ್ಕೆ ಬೇಡ.

ಈಗ ಬೇಜಾರಿನ ಮಾತು. ಮೊದಲನೆಯದು ಬಣ್ಣ. ಎರಡು ಪ್ಯಾಕಿನ ಸೆಟ್ಟು ಅಂದರೆ ಒಂದು ಕೆಂಪು, ಒಂದು ನೀಲಿ. ಒಂದು ಪ್ಯಾಕಿನಲ್ಲಿ ಆಡುವವರಿಗೆ ಅದು ಅನುಕೂಲ, ಒಂದು ಹಂಚುವಾಗ ಇನ್ನೊಂದನ್ನ ಕಲಸಿಡಬಹುದು. ನಮ್ಮ ರಮ್ಮಿಗೆ ಎರಡನ್ನೂ ಸೇರಿಸಿ ಕಲಸಬೇಕು. ಆಗ ಬೆನ್ನಿನ ಬಣ್ಣವೇ ಗುರುತಾಯಿತಲ್ಲ! ಕೆಂಪು ಪ್ಯಾಕಿನ ಜೋಕರ್‌ಗಳು ಆಗಲೇ ಹೊರಗೆ ಬಿದ್ದಿದ್ದರೆ, ಮುಚ್ಚಿದ ಕಟ್ಟಿನ ಮೇಲಿರುವ ಕೆಂಪು ಎಲೆ ಜೋಕರ್ ಅಲ್ಲ ಅಂತ ಎಲ್ಲರಿಗೂ ಗೊತ್ತು. ಪಕ್ಕದವರ ಕೈಯಲ್ಲಿ ಕೆಂಪೆಷ್ಟು ನೀಲಿಯೆಷ್ಟು ಅಂತಲೂ ಎಣಿಸಬಹುದು. ಇಷ್ಟೆಲ್ಲಾ ದುಡ್ಡು ಸುರಿದು ಬೆನ್ನಿನ ಮೋಸ ತಪ್ಪಿಸಲು ಹೊರಟರೆ ಡಬ್ಬಿಯಲ್ಲೇ ಎರಡು ಥರದ ಬೆನ್ನು. ಇನ್ನೊಂದು ಸೆಟ್ ತರಿಸಿ ಕೆಂಪು ಕೆಂಪು ಜೋಡಿಸಿಕೊಳ್ಳುವುದೇ ದಾರಿ. ಅಲ್ಲಿಗೆ ಖರ್ಚು ದುಪ್ಪಟ್ಟು.

ಎರಡನೆಯದು ಜಾರಿಕೆ. ಹೊಸದರಲ್ಲಿ ಕಟ್ಟು ಜಮಖಾನದ ಮೇಲೆ ನಿಲ್ಲಲ್ಲ, ಫ್ಯಾನ್ ಗಾಳಿಗೇ ಮೇಲಿನ ಎಲೆ ಸರಿದು ಹೋಗುತ್ತದೆ. ಆಡುತ್ತಾ ಆಡುತ್ತಾ ಕಮ್ಮಿಯಾಗಿದೆ. ಮೂರನೆಯದು ದೊಡ್ಡ ಅಂಕಿ. ಕನ್ನಡಕ ಮರೆತು ಬಂದ ದೊಡ್ಡಪ್ಪನಿಗೆ ಖುಷಿ, ಅವರ ಪಕ್ಕ ಕೂತವರಿಗೆ ಇನ್ನೂ ಖುಷಿ. ಚಿಕ್ಕ ಅಂಕಿಯದ್ದು ಸಿಕ್ಕರೆ ಅದನ್ನೇ ತಗೊಳ್ಳಿ.

ಅಳತೆ ಮಾತ್ರ ನೋಡಿ ಆರಿಸಿ. ಪೋಕರ್ ಅಳತೆಯ ಎಲೆ ಸುಮಾರು 63 ಮಿಲಿಮೀಟರ್ ಅಗಲ, ಬ್ರಿಡ್ಜ್ ಅಳತೆಯದು 57. ಉದ್ದ ಹೆಚ್ಚುಕಡಿಮೆ ಒಂದೇ. ಪೋಕರ್‌ನಲ್ಲಿ ಕೈಯಲ್ಲಿ ಇರೋದೇ ಎರಡೋ ಐದೋ ಎಲೆ. ರಮ್ಮಿಗೆ 13 ಎಲೆ ಹಿಡಿಯಬೇಕು, ಅಗಲದ್ದಾದರೆ ಕೈ ತುಂಬಿ ಒಂದೆರಡು ಎದುರಿನವರಿಗೆ ಕಂಡೇ ಕಾಣುತ್ತವೆ. ನಾನು ತಂದದ್ದು ಬ್ರಿಡ್ಜ್ ಅಳತೆ, ಅಮ್ಮನ ಕೈಯಲ್ಲೂ ಸಲೀಸಾಗಿ ನಿಂತಿತು.

ಐದಕ್ಕೆ ನಾಲ್ಕು ಕೊಡುತ್ತೇನೆ, ಒಂದು ಕಡಿದದ್ದು ಎರಡು ಬಣ್ಣದ ಕಾಟಕ್ಕೆ. ವರ್ಷಕ್ಕೊಮ್ಮೆ ಆಡುವವರು ಇಷ್ಟು ಖರ್ಚು ಮಾಡಬೇಡಿ. ಬಿಳಿ ಬಾರ್ಡರ್ ಇರುವ ಪೇಪರ್ ಎಲೆ, ಒಂದೇ ಬಣ್ಣದ್ದು ಎರಡು ಪ್ಯಾಕ್ ತಂದು, ಎಣ್ಣೆ ಕೈ ತೊಳೆದು ಕೂತುಕೊಳ್ಳಿ. ಕಲಸುವವರು ಪ್ರತಿ ಸಲ ಕಟ್ಟನ್ನ ಎರಡು ಭಾಗ ಮಾಡಿ, ಒಂದು ಭಾಗವನ್ನ ಅರ್ಧ ಸುತ್ತು ತಿರುಗಿಸಿ ಆಮೇಲೆ ಕಲಸಲಿ. ತಿರುಗಿಸಿಟ್ಟ ಜೋಕರ್‌ಗಳ ಲೆಕ್ಕ ಅಲ್ಲೇ ಕೆಟ್ಟುಹೋಗುತ್ತದೆ, ಅದಕ್ಕೆ ಒಂದು ಪೈಸೆ ಖರ್ಚಿಲ್ಲ.